ಗಾಡಿ ಮಾತು: ‘ಟಕ್’ ಎನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ



ದೆಹಲಿಗೆ ಚಳಿ ಇಳಿಯಿತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಬೆಳಗಿನ ಜಾವ ಐದಕ್ಕೆ ನಿಜಾಮುದ್ದೀನ್ ಸ್ಟೇಷನ್ನಿಗೋ, ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯಲೋ ಹೊರಟಿರುತ್ತೀರಿ. ಕೀಲಿ ತಿರುಗಿಸಿದರೆ ಬಾನೆಟ್ಟಿನೊಳಗೆ ‘ಟಕ್’ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ. ‘ದೀಪ ಉರಿಯುತ್ತದೆ, ಹಾರನ್ ಕೂಗುತ್ತದೆ. ಅಂದಮೇಲೆ ಬ್ಯಾಟರಿ ಸರಿಯಾಗಿಯೇ ಇದೆ ತಾನೆ?’ ಎಂದು ಕೇಳುತ್ತೀರಿ.

ಅಷ್ಟಕ್ಕೇ ಹಾಗೆ ಹೇಳುವಂತಿಲ್ಲ. 55 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ ಬೇಕಾದದ್ದು ಸುಮಾರು 10 ಆಂಪಿಯರ್ ವಿದ್ಯುತ್. ಇಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಮಿಕ್ಕಿ ಬೇಕು. ತೊಟ್ಟಿಯ ತಳದಲ್ಲಿ ನಾಲ್ಕು ಬಿಂದಿಗೆ ನೀರಿದ್ದರೂ ನಲ್ಲಿ ತೊಟ್ಟಿಕ್ಕುತ್ತದೆ. ಅದನ್ನು ನಂಬಿ ತೋಟಕ್ಕೆ ನೀರು ಹಾಯಿಸಲು ಹೊರಡುವವರುಂಟೇ?

ಆದ್ದರಿಂದ ಮೊದಲು ಸದ್ದನ್ನು ಕಿವಿಗೊಟ್ಟು ಕೇಳಿ. ‘ಟಕ್ಟಕ್ಟಕ್ಟಕ್’ ಎಂದು ಬಿಡದೆ ಹೊಡೆದುಕೊಂಡರೆ ಕಾರಣ ಹೆಚ್ಚಾಗಿ ಬ್ಯಾಟರಿಯ ನಿತ್ರಾಣ, ಇಲ್ಲವೇ ತಂತಿಯ ಸಡಿಲ. ಕೀಲಿ ತಿರುಗಿಸಿದಾಗ ಸೊಲೆನಾಯ್ಡ್ ಎಂಬ ವಿದ್ಯುತ್ ಕೊಂಡಿ ಮೋಟಾರಿಗೆ ದಾರಿ ತೆರೆಯುತ್ತದೆ. ಮೋಟಾರು ಎಳೆದ ಕೂಡಲೇ ಬ್ಯಾಟರಿಯ ವೋಲ್ಟೇಜು ಕುಸಿದು ಕೊಂಡಿ ಬಿಟ್ಟುಕೊಳ್ಳುತ್ತದೆ. ಬಿಟ್ಟೊಡನೆ ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಕೊಂಡಿ ಮತ್ತೆ ಹಿಡಿಯುತ್ತದೆ. ಈ ಹಿಡಿ-ಬಿಡುವ ಆಟವೇ ನಿಮಗೆ ಕೇಳುವ ಸದ್ದು.

ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ಹೆಡ್‌ಲೈಟ್ ಹಾಕಿ, ಮನೆಯವರನ್ನು ಕಾರಿನ ಮುಂದೆ ಒಂದು ಬದಿಗೆ ನಿಲ್ಲಿಸಿ ಕೀಲಿ ತಿರುಗಿಸಿ. ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬೆಳಕು ಸತ್ತಂತೆ ಮಂಕಾದರೆ ಬ್ಯಾಟರಿ ಅಥವಾ ಅದರ ಜೋಡಣೆಯ ಮೇಲೆ ಅನುಮಾನ. ಅಪರೂಪಕ್ಕೆ ಮೋಟಾರು ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಬೆಳಕು ಕುಂದದೆ ಇದ್ದರೆ ವಿದ್ಯುತ್ತು ಮೋಟಾರಿನವರೆಗೆ ತಲುಪುತ್ತಿಲ್ಲ, ಇಲ್ಲವೇ ಮೋಟಾರಿನೊಳಗೆ ದಾರಿ ಕಡಿದಿದೆ. ಸೊಲೆನಾಯ್ಡಿನ ಒಳಗಿನ ತಾಮ್ರ ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಇಂಥಲ್ಲಿ ಹೊಸ ಬ್ಯಾಟರಿ ಕೊಂಡರೆ ದುಡ್ಡು ದಂಡ. ‘ಬ್ಯಾಟರಿ ಬೈಠ್ ಗಯೀ’ ಎಂದು ಬಾನೆಟ್ ತೆರೆಯುವ ಮುನ್ನವೇ ತೀರ್ಪು ಕೊಡುವ ಮಿಸ್ತ್ರಿಯಿಂದ ದೂರವಿರುವುದು ಲೇಸು. ಬ್ರಷ್ಷು ನೂರಾರು ರೂಪಾಯಿಯ ಮಾತು, ಬ್ಯಾಟರಿ ಸಾವಿರಾರು ರೂಪಾಯಿಯದು.

ಬ್ಯಾಟರಿಯ ಮೇಲೆ ಅನುಮಾನ ಬಂದರೂ ಕೊಳ್ಳಲು ಓಡಬೇಡಿ. ಅದರ ಎರಡು ತುದಿಗಳನ್ನು ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದೆಯೇ? ಕ್ಲಾಂಪನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ತಿರುಗುತ್ತದೆಯೇ? ಹಾಗಿದ್ದರೆ ರೋಗ ಅಲ್ಲೇ ಇರಬಹುದು. ಉಂಗುರ, ಬಳೆ ತೆಗೆದಿಟ್ಟು, ಮೊದಲು ಮೈನಸ್ ತಂತಿಯನ್ನು, ಆಮೇಲೆ ಪ್ಲಸ್ ತಂತಿಯನ್ನು ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಜೋಡಿಸುವಾಗ ಮೈನಸ್ ಕೊನೆಗೆ. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಮಾತ್ರ ಇಳಿಯಬಾರದು.

ಅದಕ್ಕೂ ಜಗ್ಗದಿದ್ದರೆ ನೆರೆಯವರ ಕಾರು, ಒಂದು ಜೊತೆ ಜಂಪರ್ ಕೇಬಲ್. ಕೆಂಪು ತಂತಿ ಪ್ಲಸ್ಸಿನಿಂದ ಪ್ಲಸ್ಸಿಗೆ. ಕಪ್ಪು ತಂತಿಯ ಒಂದು ತುದಿ ನೆರೆಯವರ ಮೈನಸ್ಸಿಗೆ, ಇನ್ನೊಂದು ತುದಿ ನಿಮ್ಮ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಾಗಿದರೆ ಸ್ಫೋಟವಾಗಬಹುದು, ಅದಕ್ಕೇ ಈ ಎಚ್ಚರ. ಗೇರು ಬದಲಿಸುವ ಗಾಡಿಯಾದರೆ ಎರಡನೇ ಗೇರಿನಲ್ಲಿ ತಳ್ಳಿಯೂ ಹೊರಡಿಸಬಹುದು. ಆಟೋಮ್ಯಾಟಿಕ್ ಗಾಡಿಗೆ ಅದು ಸಲ್ಲದು.

ಮೋಟಾರಿಗೆ ನಾವೆಲ್ಲ ‘ಸೆಲ್ಫ್’ ಎನ್ನುವುದು ಸುಮ್ಮನೆ ಅಲ್ಲ. ಹಿಂದೆ ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಇಂಜಿನ್ ಒಮ್ಮೊಮ್ಮೆ ತಿರುಗಿ ಒದ್ದು ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಮೇಲೆ ಗಾಡಿ ತಾನಾಗಿ ಹೊರಡುವಂತಾಯಿತು. ನಮ್ಮ ಅಂಬಾಸಿಡರ್‌ನಲ್ಲಿ ಹ್ಯಾಂಡಲ್ಲಿಗೂ ಜಾಗವಿತ್ತು. ಚಳಿಗೆ ಮುಷ್ಕರ ಹೂಡಿದ ಗಾಡಿಯನ್ನು ನಾಲ್ಕು ಸುತ್ತು ತಿರುವಿ ಎಬ್ಬಿಸಿದ್ದು ಹಿರಿಯರಿಗೆ ನೆನಪಿರಬಹುದು. 1983ರ ಡಿಸೆಂಬರಿನಲ್ಲಿ ಗುಡಗಾಂವಿನಿಂದ ಮಾರುತಿ 800 ಹೊರಬಂದಮೇಲೆ ಆ ಕಸರತ್ತು ನಿಧಾನವಾಗಿ ಮರೆಯಾಯಿತು.

ದೋಷವನ್ನೆಲ್ಲ ಚಳಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬ್ಯಾಟರಿಯನ್ನು ಕೊಲ್ಲುವುದು ಮೇ, ಜೂನಿನ ಬಿಸಿಲು; 45 ಡಿಗ್ರಿಯ ಧಗೆಯಲ್ಲಿ ಒಳಗಿನ ಫಲಕಗಳು ಬೇಗ ಹಾಳಾಗುತ್ತವೆ. ಜನವರಿಯಲ್ಲಿ ಪಾದರಸ ನಾಲ್ಕೈದು ಡಿಗ್ರಿಗೆ ಇಳಿದಾಗ ಬ್ಯಾಟರಿ ಕೊಡುವ ಶಕ್ತಿ ಕುಗ್ಗುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸುವ ಹೊರೆ ಹೆಚ್ಚುತ್ತದೆ. ಬೇಸಿಗೆಯಲ್ಲಿ ಆದ ಪೆಟ್ಟು ಬಯಲಾಗುವುದು ಆಗ.

ಜೊತೆಗೆ ನಿಂತ ಗಾಡಿಯ ಬ್ಯಾಟರಿ ತಾನೇ ಬರಿದಾಗುತ್ತದೆ. ಮಾಲಿನ್ಯ ಮಿತಿಮೀರಿ ‘ಗ್ರಾಪ್’ ಮೂರನೆಯ ಹಂತ ಜಾರಿಯಾದಾಗ ಈಚಿನ ವರ್ಷಗಳಲ್ಲಿ ಬಿ.ಎಸ್. 3 ಪೆಟ್ರೋಲ್, ಬಿ.ಎಸ್. 4 ಡೀಸೆಲ್ ಕಾರುಗಳು ದೆಹಲಿ, ನೋಯ್ಡಾ, ಗುಡಗಾಂವ್‌ಗಳಲ್ಲಿ ದಿನಗಟ್ಟಲೆ ಮನೆಮುಂದೆ ನಿಂತದ್ದುಂಟು. ರಜೆಯಲ್ಲಿ ತಿಂಗಳು ಊರಿಗೆ ಹೋಗುವವರ ಕಾರಿನ ಪಾಡೂ ಅದೇ. ಹೊರಡುವ ಮುನ್ನ ಮೈನಸ್ ತಂತಿ ಬಿಚ್ಚಿಟ್ಟು ಹೋಗಿ. ಗಡಿಯಾರ ಮತ್ತೆ ಹೊಂದಿಸಬೇಕಾದೀತು, ಅಷ್ಟೆ. ಮೂರ್ನಾಲ್ಕು ವರ್ಷ ದಾಟಿದ ಬ್ಯಾಟರಿಯಾದರೆ ದಸರೆಯ ಹೊತ್ತಿಗೇ ಪರೀಕ್ಷೆ ಮಾಡಿಸಿ: ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧ. ಇಂಜಿನ್ ಓಡುವಾಗ 14ರ ಆಸುಪಾಸು ಕಾಣದಿದ್ದರೆ ಆಲ್ಟರ್ನೇಟರನ್ನು ತೋರಿಸಿ, ಇಲ್ಲವಾದರೆ ಹೊಸ ಬ್ಯಾಟರಿಯೂ ವಾರದಲ್ಲಿ ‘ಟಕ್’ ಎಂದೀತು.

ಕೀಲಿ ತಿರುಗಿಸಿದಾಗ ಯಾವ ಸದ್ದೂ ಬಾರದ ಗಾಡಿಯ ಕಥೆ ಬೇರೆ. ಅದು ಮುಂದಿನ ಸಂಚಿಕೆಗೆ.