ಜಾಗವಿಲ್ಲದ ಊರು
ಕಾರವಾರಕ್ಕೆ ಬೆಳೆಯಲು ಜಾಗವೇ ಇಲ್ಲ. ಎದುರಿಗೆ ಅರಬ್ಬಿ ಸಮುದ್ರ, ಬೆನ್ನಿಗೆ ಸಹ್ಯಾದ್ರಿಯ ಗುಡ್ಡ, ಬಡಗಣಕ್ಕೆ ಕಾಳಿ ನದಿ. ಉತ್ತರ ಕನ್ನಡದ ಜಿಲ್ಲಾ ಕೇಂದ್ರವಾದರೂ 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಲಕ್ಷ ಮುಟ್ಟಿರಲಿಲ್ಲ. ಪೇಟೆಯಲ್ಲಿ ಕೊಂಕಣಿಯದೇ ದರ್ಬಾರು. ಕಚೇರಿಯಲ್ಲಿ ಕನ್ನಡ, ಹಳಬರ ಬಾಯಲ್ಲಿ ಮರಾಠಿ. 1862ರಲ್ಲಿ ಮದ್ರಾಸು ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡ 1956ರ ತನಕ ಅಲ್ಲೇ ಇತ್ತಲ್ಲ, ಅದರ ಗುರುತು ಇದು. ಹದಿನೇಳನೇ ಶತಮಾನದಲ್ಲೇ ಇಂಗ್ಲಿಷರು ಮೆಣಸು, ಮಸ್ಲಿನ್ ಬಟ್ಟೆಗಾಗಿ ಇಲ್ಲಿಗೆ ಬಂದು ಕೋಠಿ ತೆರೆದರು. ತರುಣ ರವೀಂದ್ರನಾಥ ಟ್ಯಾಗೋರರು ಬಂದದ್ದು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ರವೀಂದ್ರನಾಥರ ಹೆಸರಿನ ಕಡಲತೀರದಲ್ಲಿ ಈಗ ನಿವೃತ್ತ ಯುದ್ಧನೌಕೆ ಚಪಲ್ ಮರಳ ಮೇಲೆ ನಿಂತಿದೆ. ಮಕ್ಕಳು ಅದರ ಏಣಿ ಹತ್ತಿ ಕ್ಷಿಪಣಿ ಕೊಳವೆಯೊಳಗೆ ಇಣುಕುತ್ತಾರೆ. ಕವಿಗೂ ಕ್ಷಿಪಣಿಗೂ ಒಂದೇ ಮರಳು! ಊರಿನ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ. ಅದಕ್ಕಾಗಿ ಮನೆ, ಗದ್ದೆ, ದೋಣಿ ಎಳೆಯುತ್ತಿದ್ದ ದಂಡೆ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಬರುವುದಿಲ್ಲ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದಾಗಲೇ ಹಲವರಿಗೆ ಈ ಊರು ನೆನಪಾಯಿತು. ಗೋವೆಗೆ ಓಡುವವರೇ, ಒಮ್ಮೆ ಕಾಳಿ ದಾಟಿ ಸದಾಶಿವಗಡ ಹತ್ತಿ. ನದಿ ಕಡಲು ಸೇರುವುದನ್ನು ನೋಡಿ ಮುಂದೆ ಹೋಗಿ.