ಎಚ್‌ಐವಿ ಮಾತ್ರೆ ಮತ್ತು ಜೀವಕೋಶದ ಅಗ್ನಿ

ಎಚ್‌ಐವಿ ಸೋಂಕಿಗೆ ಎಆರ್‌ಟಿ ಮಾತ್ರೆ ಸೇವಿಸುತ್ತಿರುವ ಕೆಲವರು ಆಯುರ್ವೇದ ವೈದ್ಯರಾದ ನಮ್ಮ ಬಳಿಗೆ ಬಂದು, “ಆ ಗುಳಿಗಿ ಭಾಳ ಉಷ್ಣರಿ, ಅವನ್ನ ಬಿಟ್ಟು ನಿಮ್ಮ ಔಷಧಾನ ತೊಗೋತೀನಿ” ಎನ್ನುತ್ತಾರೆ. ಈ ಭಯ ನಿರಾಧಾರವಲ್ಲ. ಆದರೆ ಅದರ ಆಧಾರ ಹಳೆಯ ಮಾತ್ರೆಗಳಲ್ಲಿದೆ, ಇಂದಿನವುಗಳಲ್ಲಿಲ್ಲ.

ಕೆಂಪು ರಕ್ತಕಣಗಳನ್ನು ಬಿಟ್ಟರೆ ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಮೈಟೊಕಾಂಡ್ರಿಯಾಗಳಿವೆ. ಆಹಾರಸಾರದಿಂದ ಶಕ್ತಿಯನ್ನು ಉತ್ಪಾದಿಸುವುದು ಅವುಗಳ ಕಾಯಕ. ಇದನ್ನು ಧಾತ್ವಗ್ನಿಗೆ ಹೋಲಿಸಬಹುದು. ಎರಡೂ ಒಂದೇ ಎಂದು ಮಾತ್ರ ನಾನು ಹೇಳಲಾರೆ. ಮೈಟೊಕಾಂಡ್ರಿಯಾಗಳಿಗೆ 37 ಜೀನುಗಳುಳ್ಳ ಸ್ವಂತ ಡಿಎನ್‌ಎ ಇದೆ. ಅದನ್ನು ನಕಲಿಸುವ ಕಿಣ್ವವೇ ಪಾಲಿಮರೇಸ್ ಗ್ಯಾಮಾ. ವೈರಾಣುವಿನ ಕಿಣ್ವವನ್ನು ತಡೆಯಲೆಂದು ರೂಪಿಸಿದ ಸ್ಟಾವುಡಿನ್ ಈ ಕಿಣ್ವವನ್ನೂ ತಡೆಯುತ್ತಿತ್ತು. ಫಲವಾಗಿ ಅಂಗಾಲಿನಲ್ಲಿ ಉರಿ ಮತ್ತು ಜೋಮು, ಕೆನ್ನೆ ಹಾಗೂ ಕೈಕಾಲುಗಳ ಕೊಬ್ಬು ಕರಗುವಿಕೆ, ವಿರಳವಾಗಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವೇರಿ ಪ್ರಾಣಾಪಾಯ. ಜಿಡೊವುಡಿನ್ ಕೆಲವರ ಸ್ನಾಯುಗಳನ್ನು ದುರ್ಬಲಗೊಳಿಸಿತು.

ನಮ್ಮ ದೇಶದಲ್ಲಿ ಸರಕಾರದ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಆರಂಭವಾದಾಗ ಸ್ಟಾವುಡಿನ್ ಬಳಕೆಯಲ್ಲಿತ್ತು. ಬತ್ತಿದ ಆ ಮುಖಗಳನ್ನು ಕಂಡವರು ಇಂದಿಗೂ ಮಾತ್ರೆಗೆ ಅಂಜುವುದು ಸಹಜ. ಅದನ್ನು ಹಂತಹಂತವಾಗಿ ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿತು. ಈಗ ಬಹುತೇಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಕೂಡಿದ, ದಿನಕ್ಕೊಂದೇ ಮಾತ್ರೆ. ಇವು ಪಾಲಿಮರೇಸ್ ಗ್ಯಾಮಾವನ್ನು ಬಾಧಿಸುವುದು ಅತ್ಯಲ್ಪ. ಟೆನೊಫೊವಿರ್ ಸೇವಿಸುವವರು ಮೂತ್ರಪಿಂಡದ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು.

ಇನ್ನೊಂದು ಸಂಗತಿಯನ್ನು ನಮ್ಮವರೇ ಮರೆಯುತ್ತಾರೆ. ಚಿಕಿತ್ಸೆಯಿಲ್ಲದ ಎಚ್‌ಐವಿ ಸೋಂಕೇ ಮೈಟೊಕಾಂಡ್ರಿಯಾಗಳನ್ನು ಘಾಸಿಗೊಳಿಸುತ್ತದೆ. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ಹೆಚ್ಚುತ್ತದೆ. ರಸಾಯನ ಚಿಕಿತ್ಸೆಯ ಮೇಲೆ ನನಗೆ ಶ್ರದ್ಧೆಯಿದೆ. ಆದರೆ ಅಶ್ವಗಂಧವಾಗಲಿ ಅಮೃತಬಳ್ಳಿಯಾಗಲಿ ಎಆರ್‌ಟಿಯ ಸ್ಥಾನವನ್ನು ತುಂಬಲಾರವು. ತುಂಬುತ್ತವೆ ಎನ್ನುವ ವೈದ್ಯ ರೋಗಿಗೂ ಶಾಸ್ತ್ರಕ್ಕೂ ದ್ರೋಹ ಬಗೆಯುತ್ತಾನೆ.

ನಾವು ಕೊಡುವ ಔಷಧಗಳಲ್ಲಿಯೂ ಎಚ್ಚರ ಬೇಕು. ಕ್ಯಾಲ್ಸಿಯಂ, ಕಬ್ಬಿಣಗಳು ಡೊಲುಟೆಗ್ರಾವಿರ್ ದೇಹಗತವಾಗುವುದನ್ನು ಕುಗ್ಗಿಸುತ್ತವೆ. ಶಂಖಭಸ್ಮದಲ್ಲಿರುವುದು ಕ್ಯಾಲ್ಸಿಯಂ, ಲೋಹಭಸ್ಮ, ಮಂಡೂರಭಸ್ಮಗಳಲ್ಲಿರುವುದು ಕಬ್ಬಿಣ. ಆದ್ದರಿಂದ ಇವನ್ನು ಸೇವಿಸುವವರು ಎಆರ್‌ಟಿ ಮಾತ್ರೆಯನ್ನು ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಅನಂತರ ತೆಗೆದುಕೊಳ್ಳಬೇಕು. ಆದರೆ ರೋಗಿಯು ಲಜ್ಜೆಯಿಂದ ಸೋಂಕನ್ನು ನಮ್ಮಿಂದ ಮುಚ್ಚಿಟ್ಟು, ನಮ್ಮ ಔಷಧವನ್ನು ಎಆರ್‌ಟಿ ಕೇಂದ್ರದವರಿಂದ ಮುಚ್ಚಿಟ್ಟರೆ ಈ ಮಾತನ್ನು ಅವರಿಗೆ ಹೇಳುವವರು ಯಾರು? ಬರುವಾಗ ಎರಡೂ ಕಡೆಯ ಚೀಟಿಗಳನ್ನು ತನ್ನಿರಿ. ನೋಡಿದ್ದು ನಮ್ಮಲ್ಲಿಯೇ ಉಳಿಯುತ್ತದೆ.