ಮೊದಲು ಬಾಲ, ಆಮೇಲೆ ವಿಮಾನ

ಅಮೆರಿಕದಲ್ಲಿ ಕೆಲವರು ಅಲ್ಯೂಮಿನಿಯಂ ಕಿಟ್ ತರಿಸಿ, ಮನೆಯ ಗ್ಯಾರೇಜಿನಲ್ಲೇ ಇಬ್ಬರು ಕೂರುವ ಪುಟ್ಟ ವಿಮಾನ ಕಟ್ಟುತ್ತಾರೆ. ವ್ಯಾನ್ಸ್ ಕಂಪನಿಯ ಆರ್‌ವಿ-12ರ ರೆಕ್ಕೆಗಳನ್ನು ಕಳಚಿ ಟ್ರೇಲರ್‌ನಲ್ಲಿ ಸಾಗಿಸಬಹುದು. ಜೆನಿತ್‌ನ ಸಿಎಚ್ 750 ಚಿಕ್ಕ ಜಾಗದಿಂದಲೂ ಮೇಲೇರುತ್ತದೆ. ಯಾವುದನ್ನು ಆರಿಸಬೇಕು?

ವೇಗ, ಅಂದ ನೋಡಿ ಆರಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. 'ನಾನು ಇದನ್ನು ಮುಗಿಸಬಲ್ಲೆನೇ?' ಎಂದು ಮೊದಲು ಕೇಳಿಕೊಳ್ಳಬೇಕು. ಇಡೀ ಕಿಟ್ ಕೊಳ್ಳುವ ಮೊದಲು ಬಾಲದ ಭಾಗವನ್ನಷ್ಟೇ ತರಿಸಬಹುದು. ಅದಕ್ಕೆ ರಿವೆಟ್ ಹೊಡೆಯುವಾಗಲೇ ನಮ್ಮ ಕೈ, ತಾಳ್ಮೆ ಎಷ್ಟೆಂದು ತಿಳಿಯುತ್ತದೆ. ಬೇಡವೆನಿಸಿದರೆ ನಷ್ಟವೂ ಕಡಿಮೆ.

ಕಳೆದ ವರ್ಷ ದೊಡ್ಡದಾಗಿ ಶುರುಮಾಡಿದ ನನ್ನ ವಿಜ್ಞಾನ ಮಾದರಿ ಪ್ರಯೋಗಾಲಯದ ಮೂಲೆಯಲ್ಲಿ ಅರ್ಧಕ್ಕೇ ನಿಂತಿದೆ. ನಾನು ಬಾಲದಿಂದ ಶುರು ಮಾಡಿರಲಿಲ್ಲ. ಮುಂದಿನ ಕೋರ್ಸ್ ಆರಿಸುವ ಗೆಳೆಯರೇ, ನೀವಾದರೂ ಮಾಡಿ.